ರೈಲು ಬರುತ್ತದೆ ಅಂತ ಜಾಗ ಕೊಳ್ಳುವ ಮೊದಲು

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹುಬ್ಬಳ್ಳಿ-ಅಂಕೋಲಾ ರೈಲು ಬಂದೇ ಬರುತ್ತದೆ, ಈಗಲೇ ಸಾಲ ಮಾಡಿ ಅಂಕೋಲಾದಲ್ಲಿ ಗೋದಾಮಿಗೆ ಜಾಗ ಹಿಡಿಯುತ್ತೇನೆ ಎಂದು ಬರೆದಿದ್ದೀಯ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ. ಅದೇ ಕರಾವಳಿಯ ಹಳೇ ಕಥೆ ಒಂದಿದೆ, ಓದು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಸಿಗದಾಯಿತು. ನಮ್ಮ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಅದು ಗಾಡಿಗಳಲ್ಲಿ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು ಕುಮಟಾ ಸೇರುತ್ತಿತ್ತು. ಅಲ್ಲಿಂದ ಪತ್ತೆಮಾರಿ ಎಂಬ ಹಾಯಿ ಹಡಗುಗಳಲ್ಲಿ ಮುಂಬಯಿಗೆ. ಬೆಳೆದದ್ದು ಹುಬ್ಬಳ್ಳಿ, ಗದಗದ ಎರೆ ಹೊಲದಲ್ಲಿ. ಮುಂಬಯಿ ಪೇಟೆಯಲ್ಲಿ ಹೆಸರು ಮಾತ್ರ ಕುಮಟಾ ಹತ್ತಿ! ಕುಮಟಾ ಬಂದರು ಏನೂ ಅಂಥಾ ಒಳ್ಳೆಯದಲ್ಲ, ಮಳೆಗಾಲದಲ್ಲಿ ಕೆಲಸವೇ ಇಲ್ಲ. ಆದರೂ ದಾರಿ ರೂಢಿಯಾಗಿತ್ತು, ವ್ಯಾಪಾರಿಗಳು ನೆಲೆ ನಿಂತಿದ್ದರು.

ಸರ್ಕಾರದ ಕಣ್ಣು ಮಾತ್ರ ಕಾರವಾರದ ಮೇಲೆ. ಗುಡ್ಡ, ದ್ವೀಪಗಳ ಮರೆಯಲ್ಲಿರುವ ನಿಜವಾದ ಬಂದರು ಅದು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಗಿರಣಿಯವರು, ಮುಂಬಯಿಯ ವ್ಯಾಪಾರಿಗಳು ಸೇರಿ ಒತ್ತಾಯ ಮಾಡಿದರು. 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಒಂದು ಬಂದರಿಗೋಸ್ಕರ ಇಡೀ ಜಿಲ್ಲೆ ನೋಡು! ಸಮುದ್ರದಲ್ಲಿ ದೀಪಸ್ತಂಭ ಎದ್ದಿತು, ಘಟ್ಟಕ್ಕೆ ರಸ್ತೆ ಆಯಿತು, ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕುವ ಮಾತು ವರ್ಷಗಟ್ಟಲೆ ನಡೆಯಿತು. ರೈಲು ಬರಲಿಲ್ಲ. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು. 1878ರಲ್ಲಿ ಬ್ರಿಟಿಷರು ಗೋವಾ ಆಳುತ್ತಿದ್ದ ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡರು. 1880ರ ದಶಕ ಮುಗಿಯುವಷ್ಟರಲ್ಲಿ ರೈಲು ಘಟ್ಟದ ಮೇಲಿನ ಕ್ಯಾಸಲ್‌ರಾಕ್ ದಾಟಿ ಗೋವಾದ ಮುರ್ಗಾಂವ್ ಬಂದರಿಗೆ ಇಳಿದಿತ್ತು. ಕಾರವಾರ ರೈಲಿನ ಮುಖ ನೋಡಿದ್ದು 1990ರ ದಶಕದಲ್ಲಿ. ಅದೂ ಕೊಂಕಣ ರೈಲು, ಘಟ್ಟ ಹತ್ತುವುದಲ್ಲ.

ಹಾಗಂತ ಕುಮಟಾ ಗೆದ್ದಿತು ಅಂದುಕೊಳ್ಳಬೇಡ. ಹತ್ತಿ ರೈಲು ಹತ್ತಿದ ಮೇಲೆ ದೇವಿಮನೆ ಘಟ್ಟಕ್ಕೆ ಗಾಡಿಗಳು ಯಾಕೆ ಬರುತ್ತವೆ? ಲಾಭ ಆದದ್ದು ಎರಡು ಬಂದರುಗಳ ಜಗಳದಲ್ಲೇ ಇಲ್ಲದ ಹುಬ್ಬಳ್ಳಿಗೆ, ರೈಲು ಹಾದುಹೋದದ್ದು ಅಲ್ಲೇ ಅಲ್ಲವೇ. ಆದರೆ ಕುಮಟಾದವರು ಅಷ್ಟು ವರ್ಷ ಕೈತುಂಬ ದುಡಿದಿದ್ದರು. ಕಾರವಾರವನ್ನು ನಂಬಿ ಕೂತವರಿಗೆ ಸರ್ವೆ ನಕ್ಷೆ ಮಾತ್ರ ಉಳಿಯಿತು.

ಅದಕ್ಕೇ ಹೇಳುವುದು, ಕೊಳ್ಳಬೇಡ, ಬಾಡಿಗೆಗೆ ಹಿಡಿ. ಇವತ್ತು ಹೆದ್ದಾರಿಯಲ್ಲಿ ಲಾರಿ ತರುವ ಸರಕಿನಿಂದಲೇ ಬಾಡಿಗೆ ಹುಟ್ಟುತ್ತದಾ ನೋಡು. ಹುಟ್ಟಿದರೆ ರೈಲು ಯಾವಾಗ ಬೇಕಾದರೂ ಬರಲಿ. ಬ್ಯಾಂಕಿನ ಬಡ್ಡಿ ರೈಲಿಗೆ ಕಾಯುತ್ತಾ ಕೂರುವುದಿಲ್ಲ, ಅಲ್ವಾ? ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ಪ್ರತಿ ನನಗೆ ಕಳಿಸು. ಜಾಗದ ಪಹಣಿಯನ್ನೂ ಜೊತೆಗಿಡು.

ಇಂತಿ,
ನಿನ್ನ ದೊಡ್ಡಪ್ಪ