ಪುಟ್ಟನಿಗೆ: ಕರಡಿ, ಪೆಂಗ್ವಿನ್ ಮತ್ತು ಒಂದೇ ಒಂದು ತಮಾಷೆ

ಚಿ. ಪುಟ್ಟನಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಕರಡಿ-ಪೆಂಗ್ವಿನ್-ನಾಯಿ ಕಾರ್ಟೂನಿನ ಸ್ಟೋರಿಬೋರ್ಡ್ (ದೃಶ್ಯಗಳ ಕಚ್ಚಾ ಚಿತ್ರಗಳ ಸಾಲು) ನೋಡಿದೆ. ಎರಡು ನಿಮಿಷದ ಚಿತ್ರಕ್ಕೆ ಹನ್ನೊಂದು ತಮಾಷೆ ತುರುಕಿದ್ದೀಯ. ಒಂದನ್ನು ಇಟ್ಟುಕೊಂಡು ಉಳಿದವನ್ನು ತೆಗೆ. ಒಂದೇ ತಮಾಷೆ ಇಡೀ ಚಿತ್ರವನ್ನು ಹೇಗೆ ಹೊರುತ್ತದೆ ಅಂತ ನೋಡಬೇಕಾದರೆ 1955ರ ‘ದಿ ಲೆಜೆಂಡ್ ಆಫ್ ರಾಕಬೈ ಪಾಯಿಂಟ್’ ಹಾಕಿಕೊ. ವಾಲ್ಟರ್ ಲ್ಯಾಂಟ್ಜ್ ಸ್ಟುಡಿಯೋದ ಚಿತ್ರ, ನಿರ್ದೇಶನ ಟೆಕ್ಸ್ ಏವರಿ, ಕಥೆ ಮೈಕಲ್ ಮಾಲ್ಟೀಸ್. ಆಸ್ಕರ್‌ಗೂ ನಾಮನಿರ್ದೇಶನವಾಗಿತ್ತು.

ಮೀನು ತುಂಬಿದ ಹಡಗು, ಕಾವಲಿಗೆ ಕಡುಕೋಪದ ನಾಯಿ. ಕದಿಯಲು ಬಂದವರು ಹಿಮಕರಡಿ ಮತ್ತು ಚಿಲ್ಲಿ ವಿಲ್ಲಿ ಎಂಬ ಪುಟಾಣಿ ಪೆಂಗ್ವಿನ್. ಪೆಂಗ್ವಿನ್ ನಾಯಿಯನ್ನು ಎಬ್ಬಿಸುತ್ತದೆ, ಕಚ್ಚಿಸಿಕೊಳ್ಳುವುದು ಕರಡಿ. ಆಮೇಲೆ ಕರಡಿಯೇ ಜೋಗುಳ ಹಾಡಿ ಅದನ್ನು ಮಲಗಿಸಬೇಕು. (ಕರಡಿ ಉತ್ತರ ಧ್ರುವದ್ದು, ಪೆಂಗ್ವಿನ್ ದಕ್ಷಿಣದ್ದು. ಇಲ್ಲಿ ಅದನ್ನು ಕೇಳಬಾರದು.)

ಜೋಗುಳ ಬದಲಾಗುವುದಿಲ್ಲ, ಎಬ್ಬಿಸುವ ರೀತಿ ಮಾತ್ರ ಬದಲಾಗುತ್ತದೆ. ನಗು ಇರುವುದು ಅಲ್ಲೇ: ಮುಂದೇನು ಅಂತ ನೋಡುವವರಿಗೆ ಕರಡಿಗಿಂತ ಮೊದಲೇ ಗೊತ್ತು. ನೀನೂ ಎಲ್ಲರ ಕಿವಿಗೆ ಪರಿಚಯವಿರುವ ‘ಜೋ ಜೋ’ ಧಾಟಿಯನ್ನೇ ತಗೊ, ಹೊಸ ಟ್ಯೂನ್ ಬೇಡ. ಮೊದಲ ಸಲ ಪೂರ್ತಿ ಸಾಲು ಹಾಡಿಸು, ಎರಡನೇ ಸಲ ಅರ್ಧ. ಮೂರನೇ ಸಲ ‘ಜೋ’ ಅನ್ನುವಷ್ಟರಲ್ಲೇ ನಾಯಿ ಮಲಗಲಿ.

ಹಾಡು ಮೊದಲು ರೆಕಾರ್ಡ್ ಆಗಬೇಕು, ಚಿತ್ರ ಆಮೇಲೆ. ಸೆಕೆಂಡಿಗೆ 24 ಫ್ರೇಮ್ ಇಟ್ಟು, ತಾಳದ ಒಂದು ಬಡಿತಕ್ಕೆ 12 ಫ್ರೇಮ್‌ನಂತೆ ಎಕ್ಸ್‌ಪೋಷರ್ ಶೀಟಿನಲ್ಲಿ (ಯಾವ ಫ್ರೇಮಿಗೆ ಯಾವ ಚಿತ್ರ ಅಂತ ಬರೆಯುವ ಪಟ್ಟಿ) ಗುರುತು ಹಾಕು. ಮೂರು ಬಡಿತಕ್ಕೆ ಕರಡಿ ನಾಯಿಯನ್ನು ಒಂದು ಬದಿಗೆ ತೂಗಲಿ, ಅಂದರೆ ಒಂದು ತೂಗಿಗೆ 36 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ 18 ಚಿತ್ರ ಸಾಕು, ವಾಪಸು ತೂಗಿಗೆ ಅವನ್ನೇ ಹಿಂದುಮುಂದಾಗಿ ಹಾಕು. ತೂಗಿನ ಎರಡು ತುದಿಗಳಲ್ಲಿ ಚಿತ್ರಗಳು ಒತ್ತೊತ್ತಾಗಿರಲಿ, ನಡುವೆ ದೂರದೂರ. ಸಮನಾಗಿ ಹಂಚಿದರೆ ಕರಡಿಯ ತೋಳು ಕಾರಿನ ವೈಪರ್ ಥರ ಆಡುತ್ತದೆ.

ನಾಯಿ ಏಳುವ ಮುಂಚೆ 14-16 ಫ್ರೇಮ್ ಎಲ್ಲವೂ ನಿಂತಿರಲಿ. ಕಂಪ್ಯೂಟರಿನಲ್ಲಿ ಪೂರ್ತಿ ನಿಲ್ಲಿಸಿದರೆ ವಿಡಿಯೋ ಸಿಕ್ಕಿಕೊಂಡಂತೆ ಕಾಣುತ್ತದೆ, ಆದ್ದರಿಂದ ನಾಯಿಯ ಹೊಟ್ಟೆ ಮಾತ್ರ ಉಸಿರಾಡಲಿ. ಕಚ್ಚುವ ಕ್ಷಣದಲ್ಲಿ ಫ್ರೇಮಿಗೊಂದು ಚಿತ್ರ. ಅಲ್ಲಿ ಉಳಿತಾಯ ಮಾಡಬೇಡ, ಏಟು ಸಪ್ಪೆಯಾಗುತ್ತದೆ.

ಇನ್ನು ಬಣ್ಣ. ನಿನ್ನ ಮೂರನೇ ಶಾಟಿನಲ್ಲಿ ಕರಡಿಯೇ ಕಾಣುತ್ತಿಲ್ಲ: ಬಿಳಿ ಹಿಮದ ಮೇಲೆ ಬಿಳಿ ಕರಡಿ. ಹಿಮಕ್ಕೆ ತೆಳು ನೀಲಿ ಕೊಡು, ನೆರಳಿಗೆ ಸ್ವಲ್ಪ ನೇರಳೆ. ಅಚ್ಚ ಬಿಳಿಯನ್ನು ಕರಡಿಗೆ ಮಾತ್ರ ಉಳಿಸು. ಆಮೇಲೆ ಚೌಕಟ್ಟನ್ನು ಕಪ್ಪು-ಬಿಳುಪಿಗೆ ತಿರುಗಿಸಿ ನೋಡು, ಕರಡಿ ಆಗಲೂ ಎದ್ದು ಕಂಡರೆ ಸರಿ. ಪೆಂಗ್ವಿನ್ ಕಪ್ಪು, ಅದರ ಚಿಂತೆ ಬೇಡ.

ಆದರೆ ಬಣ್ಣಕ್ಕೆ ಕೈ ಹಾಕುವ ಮುಂಚೆ ಪೆನ್ಸಿಲ್ ಟೆಸ್ಟನ್ನು (ಬಣ್ಣವಿಲ್ಲದ ಪೆನ್ಸಿಲ್ ಚಿತ್ರಗಳನ್ನು ಓಡಿಸಿ ನೋಡುವುದು) ಹಾಡಿನ ಸಮೇತ ಕಳಿಸು, ತೂಗು ತಾಳಕ್ಕೆ ಕೂತಿದೆಯೋ ಇಲ್ಲವೋ ನೋಡುತ್ತೇನೆ.

ನಿನ್ನ ಮಾವ