ಯಾವ ಸಂಪುಟ ಇದೆ, ಯಾವುದು ಇಲ್ಲ? ಉತ್ತರ ಕನ್ನಡ ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರೇ,

ಗ್ರಂಥಾಲಯಗಳ ಬಗ್ಗೆ ತಮ್ಮ ಕಚೇರಿಗೆ ಬರುವ ಮನವಿಗಳಲ್ಲಿ ಕೆಲವರು ಕಟ್ಟಡ ಕೇಳುತ್ತಾರೆ, ಕೆಲವರು ಹೊಸ ಪುಸ್ತಕ ಕೇಳುತ್ತಾರೆ, ಇನ್ನು ಕೆಲವರು ಖಾಲಿ ಹುದ್ದೆ ತುಂಬಿ ಎನ್ನುತ್ತಾರೆ. ಅವೆಲ್ಲ ಬೇಕಾದವೇ. ನಾನು ಕೇಳುತ್ತಿರುವುದು ಒಂದು ಪಟ್ಟಿ. ಜಿಲ್ಲೆಯ ಗ್ರಂಥಾಲಯಗಳಲ್ಲಿ ಈಗಾಗಲೇ ಇರುವ ನಿಯತಕಾಲಿಕೆಗಳು, ದಿನಪತ್ರಿಕೆಗಳ ಕಟ್ಟುಗಳು, ರಾಜ್ಯಪತ್ರಗಳು (ಸರ್ಕಾರದ ಗೆಜೆಟ್‌ಗಳು) ಮತ್ತು ಹಲವು ಸಂಪುಟಗಳ ಗ್ರಂಥಗಳಲ್ಲಿ ಯಾವ ಸಂಪುಟ, ಯಾವ ಸಂಚಿಕೆ ಇದೆ, ಯಾವುದು ಇಲ್ಲ ಎಂದು ಸ್ಪಷ್ಟವಾಗಿ ಬರೆದಿಟ್ಟ ಪಟ್ಟಿ. ಕಾಲೇಜು ಗ್ರಂಥಾಲಯದಲ್ಲಿ ದುಡಿದು ನಿವೃತ್ತಳಾದವಳು ನಾನು. ಈ ಪಟ್ಟಿ ಇಲ್ಲದ್ದರಿಂದ ಓದುಗರಿಗೆ ಆಗುತ್ತಿರುವ ನಷ್ಟವನ್ನು ಹತ್ತಿರದಿಂದ ಕಂಡಿದ್ದೇನೆ.

ಘಟ್ಟದ ಮೇಲಿನ ಒಂದು ಊರಿನ ಗ್ರಂಥಾಲಯದ ಮಾತು ಹೇಳುತ್ತೇನೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟಗಳದ್ದು. ಮೊದಲನೆಯದು ಹೊರಬಂದದ್ದು 1970ರಲ್ಲಿ, ಕೊನೆಯದು 1995ರಲ್ಲಿ. ಆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹುಡುಕಿದರೆ ಒಂದೇ ಸಾಲು ಬರುತ್ತದೆ: ‘ಕನ್ನಡ ನಿಘಂಟು, ಒಟ್ಟು ಪ್ರತಿ 8’. ಕಪಾಟಿನ ಮುಂದೆ ನಿಂತು ನೋಡಿದರೆ 2ನೆಯ ಸಂಪುಟ ಎರಡು ಇವೆ, 5ನೆಯದು ಇಲ್ಲವೇ ಇಲ್ಲ. ನಮೂದು ಮಾಡಿದವರಿಗೆ ಒಂದೊಂದು ಸಂಪುಟವೂ ಒಂದೊಂದು ಪ್ರತಿಯಾಗಿ ಕಂಡಿದೆ. ಲೆಕ್ಕ ತಾಳೆಯಾಗುತ್ತದೆ, ಲೆಕ್ಕ ಪರಿಶೋಧನೆಯಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ಆದರೆ 5ನೆಯ ಸಂಪುಟದಲ್ಲಿರುವ ಪದವನ್ನು ಹುಡುಕಿ ಬಂದವನು ಅದು ಇದೆಯೆಂದೇ ನಂಬಿ ಬರುತ್ತಾನೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿತ್ತು. ಒಂದೇ ಪುಸ್ತಕದ 8 ಪ್ರತಿ ಒಂದೇ ಕಡೆ ಏಕೆ ಎಂದು, ಹೆಚ್ಚುವರಿ ಪ್ರತಿಗಳನ್ನು ಬೇರೆ ಶಾಖೆಗಳಿಗೆ ಹಂಚುವ ಪಟ್ಟಿಯಲ್ಲಿ ಇದರ ಹೆಸರೂ ಸೇರಿತ್ತು. ಅಲ್ಲಿನ ಸಹಾಯಕಿಯೊಬ್ಬರು ಪಟ್ಟಿ ಹಿಡಿದು ಕಪಾಟಿನ ಬಳಿ ಹೋದದ್ದರಿಂದ ಅದು ಉಳಿಯಿತು. ಇಲ್ಲವಾದರೆ ಸ್ವರಗಳು ಒಂದೂರಿಗೆ, ವ್ಯಂಜನಗಳು ಇನ್ನೊಂದೂರಿಗೆ ಹೋಗಿ, ಯಾರ ಕೈಯಲ್ಲೂ ನಿಘಂಟು ಇರುತ್ತಿರಲಿಲ್ಲ.

ಇದು ಒಂದು ಗ್ರಂಥಾಲಯದ ತಪ್ಪೆಂದು ನಾನು ದೂರುತ್ತಿಲ್ಲ. ಶೀರ್ಷಿಕೆ, ಲೇಖಕ, ಬೆಲೆ, ಪ್ರತಿಗಳ ಸಂಖ್ಯೆ ಎಂಬ ನಾಲ್ಕು ಮನೆಗಳ ನಮೂನೆಯನ್ನು ಕೈಗೆ ಕೊಟ್ಟು, ತಿಂಗಳೊಳಗೆ ಎಲ್ಲವನ್ನೂ ಗಣಕೀಕರಿಸಿ ಎಂದರೆ ಯಾರಾದರೂ ಹೀಗೆಯೇ ಮಾಡುತ್ತಾರೆ. ಆ ನಮೂನೆ ಕಾದಂಬರಿಗೆ ಸರಿಹೋಗುತ್ತದೆ. ಕಾದಂಬರಿ ಇದೆ ಎಂದರೆ ಪೂರ್ತಿ ಇದೆ ಎಂದೇ ಅರ್ಥ. ಪತ್ರಿಕೆ ಇದೆ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಯಾವ ವರ್ಷದ್ದು, ಯಾವ ತಿಂಗಳಿನದು, ನಡುವೆ ಎಲ್ಲಿ ಕಡಿದಿದೆ ಎಂದು ಹೇಳಿದಾಗಲೇ ಅದು ಮಾಹಿತಿ.

ನಮ್ಮ ಜಿಲ್ಲೆಗೆ ಈ ಕೆಲಸ ಬೇರೆಯವರಿಗಿಂತ ಹೆಚ್ಚು ಅಗತ್ಯ. 1862ರಲ್ಲಿ ನಾವು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದೆವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು, 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. ಹಾಗಾಗಿ ಅಂಕೋಲೆಯ ಒಂದೇ ಗ್ರಾಮದ ಜಮೀನಿನ ಇತಿಹಾಸ ಹುಡುಕುವವನು ಮುಂಬಯಿ ಸರ್ಕಾರದ ಗೆಜೆಟ್, ಮೈಸೂರು ಗೆಜೆಟ್, ಕರ್ನಾಟಕ ರಾಜ್ಯಪತ್ರ ಈ ಮೂರನ್ನೂ ತಿರುವಬೇಕಾಗುತ್ತದೆ. ಗ್ರಂಥಾಲಯದ ಸೂಚಿಯಲ್ಲಿ (ಕ್ಯಾಟಲಾಗಿನಲ್ಲಿ) ಇವು ‘ಮು’, ‘ಮೈ’, ‘ಕ’ ಅಕ್ಷರಗಳಡಿ ಮೂರು ದಿಕ್ಕಿಗಿವೆ. ಮೈಸೂರು ಗೆಜೆಟ್ ಎಂಬ ನಮೂದಿನಲ್ಲಿ ‘1973ರಿಂದ ಮುಂದೆ ಕರ್ನಾಟಕ ರಾಜ್ಯಪತ್ರ ನೋಡಿ’ ಎಂದು, ಅದರಲ್ಲಿ ‘ಹಿಂದಿನದಕ್ಕೆ ಮೈಸೂರು ಗೆಜೆಟ್ ನೋಡಿ’ ಎಂದು ಒಂದು ಸಾಲು ಇದ್ದರೆ ಸಾಕು. ಹೆಸರು ಬದಲಾದ ಪ್ರಕಟಣೆಗಳನ್ನು ಹೀಗೆ ಎರಡೂ ಕಡೆಯಿಂದ ಕೊಂಡಿ ಹಾಕುವುದು ಸೂಚೀಕರಣದ ಹಳೆಯ, ಎಲ್ಲರೂ ಒಪ್ಪಿದ ಪದ್ಧತಿ.

ಇದು ಬರೀ ಸಂಶೋಧಕರ ಹವ್ಯಾಸವೆಂದು ತಾವು ಭಾವಿಸಬಾರದು. 1894ರ ಭೂಸ್ವಾಧೀನ ಕಾಯಿದೆಗೆ 1984ರಲ್ಲಿ ತಿದ್ದುಪಡಿಯಾದ ಮೇಲೆ, ಇಂಥ ಜಮೀನು ಬೇಕಾಗಿದೆ ಎಂದು ಸಾರುವ 4(1)ನೆಯ ಕಲಮಿನ ಅಧಿಸೂಚನೆ ರಾಜ್ಯಪತ್ರದಲ್ಲಷ್ಟೇ ಅಲ್ಲ, ಆ ಪ್ರದೇಶದಲ್ಲಿ ಓದುವ ಎರಡು ದಿನಪತ್ರಿಕೆಗಳಲ್ಲೂ ಬರಬೇಕಿತ್ತು. ಅವುಗಳಲ್ಲಿ ಒಂದಾದರೂ ಪ್ರಾದೇಶಿಕ ಭಾಷೆಯದಾಗಿರಬೇಕಿತ್ತು. ರಾಜ್ಯಪತ್ರ, ಪತ್ರಿಕೆಗಳು, ಸ್ಥಳದಲ್ಲಿ ಅಂಟಿಸಿದ ಪ್ರಕಟಣೆ ಇವುಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಬಂದದ್ದರ ದಿನಾಂಕವೇ ಅಧಿಸೂಚನೆಯ ದಿನಾಂಕ, ಆ ದಿನದ ಮಾರುಕಟ್ಟೆ ಬೆಲೆಯೇ ಪರಿಹಾರಕ್ಕೆ ಆಧಾರವಾಗಿತ್ತು. ಸೀಬರ್ಡ್ ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರ, ಕೊಂಕಣ ರೈಲ್ವೆ ಎಂದು ಒಂದಾದ ಮೇಲೊಂದು ಯೋಜನೆಗೆ ನೆಲ ಬಿಟ್ಟುಕೊಟ್ಟ ಜಿಲ್ಲೆ ಇದು. ಪರಿಹಾರದ ವ್ಯಾಜ್ಯಗಳು ದಶಕಗಟ್ಟಲೆ ನಡೆದವು. ಇಂಥ ಕುಟುಂಬವೊಂದರ ಹಿರಿಯರು ಹಳೆಯ ಪತ್ರಿಕೆಯ ಒಂದು ಪುಟಕ್ಕಾಗಿ ನಮ್ಮ ಕಾಲೇಜಿಗೆ ಬಂದಿದ್ದರು. ಅದಕ್ಕೂ ಮೊದಲು ಬೇರೊಂದು ಗ್ರಂಥಾಲಯದ ಸೂಚಿಯಲ್ಲಿ ಆ ಪತ್ರಿಕೆಯ ಹೆಸರು ನೋಡಿ ಬಸ್ ಹತ್ತಿ ಹೋಗಿದ್ದರಂತೆ. ಅಲ್ಲಿ ಕಟ್ಟುಗಳನ್ನು ಒಂದೊಂದಾಗಿ ಇಳಿಸಿ, ಧೂಳು ಕೊಡವಿ ನೋಡಿದರೆ ಅವರಿಗೆ ಬೇಕಾದ ತಿಂಗಳೇ ಇರಲಿಲ್ಲ. ಇಲ್ಲ ಎಂಬುದನ್ನು ಮನೆಯಲ್ಲಿದ್ದಾಗಲೇ ತಿಳಿಸುವುದು ಕೂಡ ಗ್ರಂಥಾಲಯ ಮಾಡಬಹುದಾದ ಸೇವೆ. ಆ ವಯಸ್ಸಿನವರಿಗಂತೂ ಅದು ದೊಡ್ಡ ಸೇವೆ.

ಬಹುಸಂಪುಟ ಗ್ರಂಥಗಳ ತೊಡಕು ಬೇರೆ ಬಗೆಯದು. ಮುಂಬಯಿ ಪ್ರಾಂತ್ಯದ ಗೆಜೆಟಿಯರ್ (ಜಿಲ್ಲಾವಾರು ವಿವರ ಗ್ರಂಥ) ಮಾಲೆಯಲ್ಲಿ ನಮ್ಮ ಕೆನರಾ ಜಿಲ್ಲೆಗೆ ಮೀಸಲಾದದ್ದು 15ನೆಯ ಸಂಪುಟ. ಅದೂ ಎರಡು ಭಾಗ, 1883ರ ಮುದ್ರಣ. ಕಾರವಾರದಲ್ಲಿ ಕುಳಿತ ಓದುಗನಿಗೆ ‘ಬಾಂಬೆ ಗೆಜೆಟಿಯರ್ ಇದೆ’ ಎಂಬ ನಮೂದಿನಿಂದ ಏನು ಪ್ರಯೋಜನ? 15 ಇದೆಯೇ, ಇದ್ದರೆ ಎರಡೂ ಭಾಗ ಇವೆಯೇ ಎಂಬುದು ಅವನ ಪ್ರಶ್ನೆ. ಶಾಸನ ಸಂಪುಟಗಳಲ್ಲಿ ಗೊಂದಲ ಇನ್ನೂ ಹೆಚ್ಚು. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 15ನೆಯ ಸಂಪುಟವೇ ಮುಂಬಯಿ ಕರ್ನಾಟಕದ ಶಾಸನಗಳ 2ನೆಯ ಸಂಪುಟವೂ ಹೌದು. ಒಂದೇ ಪುಸ್ತಕಕ್ಕೆ ಎರಡು ಸಂಖ್ಯೆ. ಒಂದು ಕಡೆ 15 ಎಂದು, ಇನ್ನೊಂದು ಕಡೆ 2 ಎಂದು ಬರೆದರೆ ಎರಡು ಬೇರೆ ಪುಸ್ತಕಗಳಿವೆ ಎನಿಸುತ್ತದೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಶಿರಸಿ, ಸಿದ್ದಾಪುರದ ವಿದ್ಯಾರ್ಥಿಗೆ ಮುಖ್ಯವಾಗಿ ಬೇಕಾಗುವುದು ನೆರೆಯ ಸೊರಬ, ಸಾಗರಗಳ ಶಾಸನಗಳಿರುವ 8ನೆಯ ಸಂಪುಟ. ಉಳಿದ ಸಂಪುಟಗಳಿದ್ದು ಅದೊಂದೇ ಇಲ್ಲದಿದ್ದರೆ, ಆ ಹುಡುಗನ ಪಾಲಿಗೆ ಗ್ರಂಥವೇ ಇಲ್ಲ.

ಇನ್ನು ಮಾಸಪತ್ರಿಕೆ, ವಾರಪತ್ರಿಕೆಗಳು. ದೀಪಾವಳಿ ವಿಶೇಷಾಂಕಗಳನ್ನೇ ನೋಡಿ. ಎಷ್ಟೋ ಪತ್ರಿಕೆಗಳಲ್ಲಿ ವಿಶೇಷಾಂಕ ಮಾಮೂಲಿ ಸಂಚಿಕೆಗಳ ಅಂಕಿಯ ಹೊರಗೆ ಬರುತ್ತದೆ. 12 ತಿಂಗಳ ಸಂಚಿಕೆಗಳನ್ನು ಜೋಡಿಸಿ ರಟ್ಟು ಹಾಕಿಸುವಾಗ ಅದು ಪಕ್ಕಕ್ಕೆ ಉಳಿಯುತ್ತದೆ, ವರ್ಷದ ಲೆಕ್ಕ ಸರಿಯಿರುವುದರಿಂದ ಯಾರೂ ಹುಡುಕುವುದಿಲ್ಲ. ಹೆಸರಾಂತ ಕತೆಗಾರರ ಎಷ್ಟೋ ಕತೆಗಳು ಮೊದಲು ಬೆಳಕು ಕಂಡದ್ದು ಅಲ್ಲಿಯೇ. ಹಳೆಯ ಪತ್ರಿಕೆಗಳಲ್ಲಿ ಇಸವಿಯ ಬದಲು ಸಂವತ್ಸರ, ಮಾಸಗಳ ಹೆಸರು ಮಾತ್ರ ಇರುವುದೂ ಉಂಟು. ‘ಪರಾಭವ ಸಂವತ್ಸರ, ಚೈತ್ರ’ ಎಂದು ಇದ್ದಂತೆಯೇ ನಕಲು ಮಾಡಿದರೆ ಅದು 1906ರದೋ 1966ರದೋ ತಿಳಿಯುವುದು ಹೇಗೆ? ಸಂವತ್ಸರವನ್ನು ಇದ್ದಂತೆ ಬರೆದು ಪಕ್ಕದಲ್ಲಿ ಇಸವಿ ಸೇರಿಸಬೇಕು. ಅದಕ್ಕೆ ಪುಟ ತಿರುವಿ ನೋಡುವ ವ್ಯವಧಾನ ಬೇಕು, ಬೆರಳಚ್ಚಿನ ವೇಗ ಸಾಲದು. ದಿನಕರ ದೇಸಾಯಿಯವರ ‘ಜನಸೇವಕ’ದಂಥ ವಾರಪತ್ರಿಕೆ, ಶಿರಸಿಯ ‘ಲೋಕಧ್ವನಿ’, ಕಾರವಾರದ ‘ಕರಾವಳಿ ಮುಂಜಾವು’ ಇವುಗಳ ಹಳೆಯ ಸಂಚಿಕೆಗಳನ್ನು ಬೆಂಗಳೂರಿನಲ್ಲಿ ಯಾರೋ ಕಾಪಾಡುತ್ತಾರೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ಇವು ನಮ್ಮ ನೆಲದವು.

ತಂತ್ರಜ್ಞಾನದ ಕೊರತೆ ಎಂಬ ಉತ್ತರವನ್ನು ದಯವಿಟ್ಟು ಒಪ್ಪಬೇಡಿ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಗ್ರಂಥಾಲಯ ತಂತ್ರಾಂಶ ‘ಇ-ಗ್ರಂಥಾಲಯ’ ಆಗಲಿ, 2000ದಲ್ಲಿ ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಬಳಕೆಗೆ ಬಂದ ಉಚಿತ ತಂತ್ರಾಂಶ ‘ಕೋಹಾ’ ಆಗಲಿ, ನಿಯತಕಾಲಿಕೆಗಳಿಗೆಂದೇ ಬೇರೆ ವಿಭಾಗ ಹೊಂದಿವೆ. ಶೀರ್ಷಿಕೆಗೆ ಒಂದು ದಾಖಲೆ, ಅದರ ಕೆಳಗೆ ಕೈಯಲ್ಲಿರುವ ಸಂಪುಟಗಳ ವಿವರ. ಬರೆಯುವ ಕ್ರಮವೂ ಸರಳ: ‘ಸಂಪುಟ 1–8, 10– ’ ಎಂದಿದ್ದರೆ 9ನೆಯದು ಇಲ್ಲ, 10ರಿಂದ ಇಂದಿನವರೆಗೂ ಬರುತ್ತಿದೆ ಎಂದು ಜಗತ್ತಿನ ಯಾವ ಗ್ರಂಥಪಾಲಕರಿಗೂ ಅರ್ಥವಾಗುತ್ತದೆ. ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ಮೊದಲೇ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರು ಮೂರು ಕಾರ್ಡುಗಳ ಪದ್ಧತಿ ಕೊಟ್ಟಿದ್ದರು. ಬಂದ ಸಂಚಿಕೆ ಗುರುತಿಸಲು ಒಂದು, ಬಾರದ್ದನ್ನು ಕೇಳಿ ತರಿಸಲು ಒಂದು, ನಮ್ಮಲ್ಲಿ ಏನೇನಿದೆ ಎಂದು ಓದುಗನಿಗೆ ವಿಷಯವಾರು ಹೇಳಲು ಇನ್ನೊಂದು. ನಾನು ಕೆಲಸಕ್ಕೆ ಸೇರಿದಾಗ ಆ ಕಾರ್ಡುಗಳ ಮರದ ಪೆಟ್ಟಿಗೆ ಬಳಕೆಯಲ್ಲಿತ್ತು. ಗಣಕೀಕರಣದ ಹೊತ್ತಿಗೆ ಹಲವು ಕಡೆ ಕಂಪ್ಯೂಟರಿಗೆ ಏರಿದ್ದು ಶೀರ್ಷಿಕೆ ಮಾತ್ರ. ಕಾರ್ಡಿನ ಮೇಲಿದ್ದ ಸಂಪುಟ, ಸಂಚಿಕೆಗಳ ಗುರುತುಗಳನ್ನು ಯಾರೂ ಏರಿಸಲಿಲ್ಲ, ಪೆಟ್ಟಿಗೆಗಳು ಉಗ್ರಾಣ ಸೇರಿದವು. ಅವುಗಳಲ್ಲಿ ಉಳಿದವು ಇಂದಿಗೂ ಕೆಲಸಕ್ಕೆ ಬರುತ್ತವೆ.

ಗ್ರಂಥಾಲಯ ಇಲಾಖೆಯ ಕೆಲಸಕ್ಕೆ ಜಿಲ್ಲಾಧಿಕಾರಿ ಏಕೆ ಎಂದು ತಾವು ಕೇಳಬಹುದು. ನಗರದ ಗ್ರಂಥಾಲಯಗಳು ಒಂದು ಇಲಾಖೆಗೆ, ಅರಿವು ಕೇಂದ್ರಗಳೆಂಬ ಗ್ರಾಮೀಣ ಗ್ರಂಥಾಲಯಗಳು ಪಂಚಾಯಿತಿಗಳಿಗೆ, ಕಾಲೇಜುಗಳವು ಇನ್ನೊಬ್ಬರಿಗೆ ಸೇರಿವೆ. ಹಳೆಯ ರಾಜ್ಯಪತ್ರಗಳು ತಹಶೀಲ್ದಾರ್ ಕಚೇರಿಗಳ ದಾಖಲೆ ಕೋಣೆಗಳಲ್ಲಿವೆ. ಇವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಬಲ್ಲವರು ಜಿಲ್ಲೆಯಲ್ಲಿ ತಾವೊಬ್ಬರೇ. ಕುಮಟಾದಲ್ಲಿ ಇಲ್ಲದ ಸಂಪುಟ ಹೊನ್ನಾವರದಲ್ಲಿ ಇರಬಹುದು, ಎರಡೂ ಕಡೆಯ ಅರೆಬರೆ ಕಟ್ಟುಗಳು ಸೇರಿ ಒಂದು ಪೂರ್ತಿ ವರ್ಷವಾಗಬಹುದು. ಎಲ್ಲ ಗ್ರಂಥಾಲಯಗಳ ಸಂಗ್ರಹವನ್ನೂ ಒಟ್ಟಿಗೆ ತೋರಿಸುವ ಒಂದೇ ಸಂಯುಕ್ತ ಸೂಚಿ ಜಿಲ್ಲೆಗೆ ಇಲ್ಲದೆ ಅದು ಗೊತ್ತಾಗುವ ಬಗೆಯಿಲ್ಲ. ಆಸ್ತಿ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುವ ಜನ ಇಷ್ಟನ್ನು ಕೇಳುವುದು ಹೆಚ್ಚೇನಲ್ಲ.

ಎಲ್ಲಕ್ಕಿಂತ ಮೊದಲು ಒಂದು ಆದೇಶ ಹೊರಡಿಸಿ: ಸಂಪುಟವಾರು ದಾಖಲೆಯಾಗುವವರೆಗೆ ಯಾವ ಸಾರ್ವಜನಿಕ ಗ್ರಂಥಾಲಯವೂ ಹಳೆಯ ಪತ್ರಿಕೆ, ರಾಜ್ಯಪತ್ರ, ಬಿಡಿ ಸಂಪುಟಗಳನ್ನು ರದ್ದಿಗೆ ಹಾಕಬಾರದು, ಹಂಚಲೂಬಾರದು. ಹೊಸ ಕಟ್ಟಡಕ್ಕೆ ಸ್ಥಳಾಂತರವಾಗುವಾಗ ಮೊದಲು ತೂಕಕ್ಕೆ ಹೋಗುವುದು ಇವೇ. ಆಮೇಲೆ ರಾಜ್ಯಪತ್ರ ಮತ್ತು ಸ್ಥಳೀಯ ಪತ್ರಿಕೆಗಳಿಂದ ಕೆಲಸ ಆರಂಭವಾಗಲಿ, ನಿಘಂಟು, ವಿಶ್ವಕೋಶಗಳು ನಂತರ ಬರಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಓದುವ ನಮ್ಮ ಜಿಲ್ಲೆಯ ಮಕ್ಕಳಿಗೆ ರಜೆಯಲ್ಲಿ ಇದೇ ತರಬೇತಿಯಾಗಲಿ, ಊಟ ಮತ್ತು ಬಸ್ ಖರ್ಚನ್ನಾದರೂ ಕೊಡಿ. ಡಿಜಿಟಲೀಕರಣದ ಮಾತೂ ಈಗ ಬಹಳ ಕೇಳಿಬರುತ್ತಿದೆ. ಏನಿದೆ ಎಂದೇ ತಿಳಿಯದೆ ಸ್ಕ್ಯಾನ್ ಮಾಡಲು ಹೊರಟರೆ ಎಲ್ಲರಲ್ಲೂ ಇರುವುದನ್ನೇ ಮತ್ತೆ ಮತ್ತೆ ಮಾಡುತ್ತೇವೆ, ಒಂದೇ ಪ್ರತಿ ಉಳಿದಿರುವುದು ಕಪಾಟಿನಲ್ಲೇ ಪುಡಿಯಾಗುತ್ತದೆ.

ಜೂನ್ ಬಂದರೆ ಕರಾವಳಿಯಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಸೆಪ್ಟೆಂಬರ್ ಮುಗಿಯುವವರೆಗೆ ಹಳೆಯ ಕಟ್ಟುಗಳನ್ನು ಬಿಚ್ಚಲಾಗುವುದಿಲ್ಲ. ಆದ್ದರಿಂದ ಕಪಾಟು ನೋಡುವ ಕೆಲಸ ಅಕ್ಟೋಬರಿನಿಂದ ಮೇ ತಿಂಗಳೊಳಗೆ ಆಗಬೇಕು. ಗ್ರಂಥಪಾಲಕರು ತುಂಬಬೇಕಾದ ಒಂದು ಪುಟದ ನಮೂನೆಯನ್ನು ನಾನು ಸಿದ್ಧಪಡಿಸಿದ್ದೇನೆ. ತಾವು ಸಭೆಯ ದಿನ ಗೊತ್ತುಪಡಿಸಿದರೆ ಅದರ ಪ್ರತಿಗಳೊಂದಿಗೆ ಬರುತ್ತೇನೆ. ಯಾವ ತಾಲೂಕಿನಲ್ಲಿ ತರಬೇತಿ ಇಟ್ಟರೂ ಸಂಭಾವನೆಯಿಲ್ಲದೆ ಕಲಿಸಿಕೊಡಲು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗ್ರಂಥಪಾಲಕಿ, ಕಾರವಾರ