ಮರೆವು ಅಳೆಯುವ ಪರೀಕ್ಷೆ ತಾಲ್ಲೂಕಿಗೂ ಬರಲಿ

ಮಾನ್ಯ ಸಂಪಾದಕರೇ,

ಅಲ್ಝೈಮರ್‌ನ ಹೊಸ ಔಷಧ ಲೆಕನೆಮ್ಯಾಬ್‌ನ ಸುದ್ದಿ ಬಂದಾಗಲೆಲ್ಲ ‘ರೋಗ ಶೇ 27ರಷ್ಟು ನಿಧಾನ’ ಎಂಬ ಮಾತು ಕಾಣುತ್ತದೆ. ಅಳೆದದ್ದು ಹೇಗೆಂದು ಮಾತ್ರ ಯಾರೂ ಬರೆಯುವುದಿಲ್ಲ. ಲೆಕನೆಮ್ಯಾಬ್ ಪ್ರಯೋಗದಲ್ಲಿ 1,795 ಮಂದಿಯನ್ನು 18 ತಿಂಗಳು ಗಮನಿಸಿದರು. ರೋಗದ ತೀವ್ರತೆ ಅಳೆಯುವ 18 ಅಂಕಗಳ ಮಾಪನದಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ಕಂಡ ಅಂತರ 0.45 ಅಂಕ. ಇಷ್ಟು ಅಂತರ ಮನೆಯವರ ಗಮನಕ್ಕೆ ಬರುತ್ತದೆಯೇ ಎಂಬುದರಲ್ಲಿ ತಜ್ಞರಿಗೇ ಒಮ್ಮತವಿಲ್ಲ. ಔಷಧದಿಂದ ಮಿದುಳಿನ ಬಾವು, ರಕ್ತಸ್ರಾವ ಆದೀತೆಂಬ ಭಯಕ್ಕೆ ಪದೇ ಪದೇ ಎಂಆರ್‌ಐ ಬೇರೆ.

ಔಷಧ ಬೇಡವೆಂದಲ್ಲ, ನನ್ನ ತಕರಾರು ಅಳತೆಯದು. ಹಣಕಾಸು ನೋಡಿಕೊಳ್ಳುತ್ತಾರಾ, ಮನೆಗೆಲಸ ತಪ್ಪುತ್ತಿದೆಯಾ ಎಂದು ರೋಗಿಯ ಜೊತೆ ಮನೆಯವರನ್ನೂ ಕೇಳಿ ಆ ಅಂಕ ಹಾಕುತ್ತಾರೆ. ನಮ್ಮ ಕಡೆ ಎಪ್ಪತ್ತು ದಾಟಿದ ಅತ್ತೆಯನ್ನು ಸೊಸೆ ಒಲೆಯ ಹತ್ತಿರ ಬಿಡುವುದಿಲ್ಲ, ಪಿಂಚಣಿ ಬಿಡಿಸಿಕೊಂಡು ಬರುವವನು ಮಗ. ಮಾಡುವ ಕೆಲಸವೇ ಇಲ್ಲದಿದ್ದರೆ ಅದು ತಪ್ಪಿದ್ದು ಯಾರಿಗೆ ತಿಳಿಯಬೇಕು? ‘ವಯಸ್ಸಾಯ್ತು, ಅರಳು ಮರಳು’ ಎಂದು ವರ್ಷಗಳೇ ಉರುಳುತ್ತವೆ.

ಆಸ್ಪತ್ರೆಗಳಲ್ಲಿ ನೆನಪು, ಬುದ್ಧಿಶಕ್ತಿ ಅಳೆಯಲು ಬಳಸುವ ಪ್ರಶ್ನೋತ್ತರ ಪರೀಕ್ಷೆ ಎಂಎಂಎಸ್‌ಇ 1975ರ ಅಮೆರಿಕದ್ದು. ವಾಕ್ಯ ಬರೆಯಿರಿ, ಈ ಚಿತ್ರದಂತೆಯೇ ಪಂಚಭುಜ ಎಳೆಯಿರಿ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎನ್ನುತ್ತದೆ. ಇಡೀ ಕೇರಿಯ ಹಾಲಿನ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡ, ಪೆನ್ಸಿಲ್ ಹಿಡಿಯದ ಅಜ್ಜಿ ಇಲ್ಲಿ ಫೇಲು. ನಿವೃತ್ತ ಪ್ರಾಧ್ಯಾಪಕರು ಕಾಯಿಲೆ ಶುರುವಾದ ಮೇಲೂ ಪಾಸು! ಹೊಸ ರಕ್ತಪರೀಕ್ಷೆಗಳು ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನ್ ಇರುವ ಸುಳಿವು ಕೊಡಬಹುದು, ಆ ಅಜ್ಜಿಗೆ ಈಗ ಏನು ಕೈಲಾಗುತ್ತಿಲ್ಲ ಎಂದು ಹೇಳಲಾರವು.

ಪರಿಹಾರ ನಮ್ಮಲ್ಲೇ ಇದೆ. ಅಕ್ಷರ ಬಾರದವರಿಗೆಂದು ಹರಿಯಾಣದ ಬಲ್ಲಭಗಡದಲ್ಲಿ 1990ರ ದಶಕದಲ್ಲೇ ಹಿಂದಿಯಲ್ಲಿ ಇಂಥ ಪರೀಕ್ಷೆ ರೂಪಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಥ ಪರೀಕ್ಷೆಗಳ ಕಟ್ಟು ಕನ್ನಡವೂ ಸೇರಿ ಐದು ಭಾಷೆಗಳಲ್ಲಿದೆ, ಅದರಲ್ಲಿ ನಿಮ್ಹಾನ್ಸ್‌ನ ದುಡಿಮೆಯಿದೆ. ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ನೆನಪಿನ ಶಕ್ತಿ, ರಕ್ತ, ಮಿದುಳನ್ನು ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ವರ್ಷಗಳಿಂದ ಪರೀಕ್ಷಿಸುತ್ತಿದೆ. 10,000 ಮಂದಿಯ ಗುರಿ. ನಮ್ಮ ರೈತಾಪಿ ಜನರ ಬಗ್ಗೆ ಇಂಥ ಮಾಹಿತಿ ಬೇರೆಲ್ಲಿ ಸಿಗುತ್ತದೆ?

ಹಾಗಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ನೆನಪಿನ ಪರೀಕ್ಷೆಗೂ ಜಾಗ ಸಿಗಬೇಕು. ಆರೋಗ್ಯ ಇಲಾಖೆ ಅಲ್ಲಿನ ನರ್ಸ್‌ಗಳಿಗೆ ಕನ್ನಡದ ಪರೀಕ್ಷೆ ಕಲಿಸಲಿ. ಓದಿದವರಿಗೆ, ಓದದವರಿಗೆ ಎಷ್ಟು ಅಂಕ ಸಹಜ ಎಂಬ ಪಟ್ಟಿಯನ್ನು ಬೇರೆ ಬೇರೆಯಾಗಿ ಅವರ ಕೈಗೆ ಕೊಡಲಿ.

– ನಿವೃತ್ತ ಶಿಕ್ಷಕಿ, ಚಿಂತಾಮಣಿ